ಲಾಕ್ ಆರ್ಡ್: ಬದುಕಿದ ಇಬ್ಬರ ಕಥೆ ಎಲ್ಲರಿಗೂ ಗೊತ್ತು, ಹಡಗಿನ ಕಥೆ ಯಾರಿಗಾದರೂ ಗೊತ್ತಾ?

ಹಾಸನದ_ಹುಡುಗ

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಮೆಲ್ಬರ್ನ್‌ಗೆ ನೆಂಟರು ಬಂದರೆ ಗ್ರೇಟ್ ಓಶನ್ ರೋಡಿಗೆ ಕರೆದುಕೊಂಡು ಹೋಗುವುದು ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಒಂದು ಕಟ್ಟಳೆ. ಹಾಸನಕ್ಕೆ ಬಂದವರಿಗೆ ಬೇಲೂರು, ಹಳೇಬೀಡು ತೋರಿಸುವ ಹಾಗೆ. ಶನಿವಾರ ಹೋಗಿದ್ದೆವು. ಕಡಲಲ್ಲಿ ನಿಂತಿರುವ ಆ ದೊಡ್ಡ ಕಲ್ಲುಗಂಬಗಳನ್ನು ನೋಡಿ, ಅಲ್ಲಿಂದ ಐದು ನಿಮಿಷ ಕಾರಿನಲ್ಲಿ ಹೋದರೆ ಲಾಕ್ ಆರ್ಡ್ ಕಮರಿ ಸಿಗುತ್ತದೆ. ಎರಡೂ ಕಡೆ ಹಳದಿ ಬಂಡೆಯ ಗೋಡೆ, ನಡುವೆ ಕಿರಿದಾದ ಬಾಗಿಲಿನಂಥ ಸಂದು, ಒಳಗೆ ಪುಟ್ಟ ಮರಳ ದಂಡೆ.

ಟಾಮ್ ಪಿಯರ್ಸ್, ಈವಾ ಕಾರ್ಮೈಕಲ್ ಕಥೆ ಹೇಳಿದೆ. 1878ರ ಜೂನ್ 1ರಂದು ಲಾಕ್ ಆರ್ಡ್ ಅನ್ನುವ ಹಡಗು ಇಲ್ಲಿ ಒಡೆಯಿತು, 54 ಜನರಲ್ಲಿ ಇಬ್ಬರೇ ಉಳಿದರು, ಹುಡುಗ ಹುಡುಗಿಯನ್ನು ನೀರಿನಿಂದ ಎಳೆದು ತಂದ, ಇತ್ಯಾದಿ. ಅಮ್ಮ ಕಣ್ಣು ಒರೆಸಿಕೊಂಡರು. ಅಪ್ಪ ಮೂವತ್ತು ವರ್ಷ ಲಾರಿ ಓಡಿಸಿದವರು. ಅವರು ಕೇಳಿದ್ದೇ ಬೇರೆ.

"ಅದೆಲ್ಲ ಸರಿ ಕಣೋ. ಎಷ್ಟು ವರ್ಷದ ಗಾಡಿ? ಯಾವ ಲೈನಲ್ಲಿ ಓಡ್ತಿತ್ತು? ಹೋಗುವಾಗ ಲೋಡು ಏನು, ರಿಟರ್ನ್ ಲೋಡು ಏನು? ಡ್ರೈವರ್ ಯಾರು?"

ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಹಡಗಿನ ವಿಷಯದಲ್ಲಿ ಆಸಕ್ತಿ ಇರುವವರು ಇಲ್ಲಿ ನಾಲ್ಕೈದು ಜನ ಇದ್ದೀರಿ. ಸ್ವಲ್ಪ ಹೇಳಿ.

ಸುಮ್ನೆ_ಕೇಳ್ದೆ

ಟಾಮ್ ಮತ್ತು ಈವಾ ಆಮೇಲೆ ಮದುವೆ ಆದರಾ?

ಹಾಸನದ_ಹುಡುಗ

ಅಮ್ಮ ಕೂಡ ಮೊದಲು ಕೇಳಿದ್ದು ಅದೇ. ಇಲ್ಲ, ಆಗಲಿಲ್ಲ. ಆಗಬೇಕು ಅಂತ ಆಗಿನ ಪೇಪರಿನವರಿಗೆಲ್ಲ ಆಸೆ ಇತ್ತು.

ಪುಸ್ತಕದ_ಹುಳ

ನಿಮ್ಮ ತಂದೆಯವರ ಪ್ರಶ್ನೆಗಳು ನನಗೆ ತುಂಬಾ ಹಿಡಿಸಿದವು. ಒಂದೊಂದಾಗಿ ಹೇಳುತ್ತೇನೆ.

ಐದು ವರ್ಷದ ಗಾಡಿ. 1873ರಲ್ಲಿ ಗ್ಲಾಸ್ಗೋದಲ್ಲಿ, ಕ್ಲೈಡ್ ನದಿ ದಂಡೆಯ ಬಾರ್ಕ್ಲೇ ಕರ್ಲ್ ಅವರ ಹಡಗುಕಟ್ಟೆಯಲ್ಲಿ ಕಟ್ಟಿದ್ದು. ಮರದ್ದಲ್ಲ, ಕಬ್ಬಿಣದ ಒಡಲು. ಮೂರು ಕೂವೆಮರ, ಅಂದರೆ ಹಾಯಿ ಕಟ್ಟುವ ಎತ್ತರದ ಕಂಬ, ಅಡ್ಡ ತೊಲೆಗಳಿಗೆ ಕಟ್ಟಿದ ಚೌಕ ಹಾಯಿಗಳು. ಉದ್ದ ಸುಮಾರು 80 ಮೀಟರ್. ಹತ್ತು ಚಕ್ರದ ಎಂಟು ಲಾರಿಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದಷ್ಟು ಅಂತ ನಿಮ್ಮ ತಂದೆಗೆ ಹೇಳಿ. ತೂಕ 1693 ಟನ್.

ಓನರ್ ಗ್ಲಾಸ್ಗೋದ ಲಾಕ್ ಲೈನ್ ಕಂಪನಿ. ಸ್ಕಾಟ್ಲೆಂಡಿನಲ್ಲಿ ಲಾಕ್ ಅಂದರೆ ಕೆರೆ, ಸರೋವರ. ಅವರ ಹಡಗುಗಳಿಗೆಲ್ಲ ಒಂದೊಂದು ಕೆರೆಯ ಹೆಸರು. ಕೆರೆ ಹೆಸರಿಟ್ಟು ಕಡಲಿಗೆ ಬಿಟ್ಟರು ನೋಡಿ.

ಶುರುವಿನಿಂದಲೇ ಕಿರಿಕಿರಿ ಕೊಟ್ಟ ಹಡಗು ಇದು. ಮೊದಲ ಪ್ರಯಾಣದಲ್ಲೇ ಬಿರುಗಾಳಿಗೆ ಕೂವೆಮರ ಮುರಿಸಿಕೊಂಡು, ವಾಪಸ್ ಹೋಗಿ ರಿಪೇರಿ ಮಾಡಿಸಿಕೊಂಡು ಮತ್ತೆ ಹೊರಡಬೇಕಾಯಿತು. ಹೊಸ ಗಾಡಿ ಶೋರೂಮಿನಿಂದ ಹೊರಬಂದು ಮೊದಲ ಘಾಟಿಯಲ್ಲೇ ಆಕ್ಸಲ್ ಕಟ್ ಆದ ಹಾಗೆ. ಆಮೇಲೆ ಸರಿಯಾಗಿ ದುಡಿಯಿತು. ಕೊನೆಯ ಪ್ರಯಾಣಕ್ಕೆ ಮೊದಲು ಮೂರು ಸಲ ಆಸ್ಟ್ರೇಲಿಯಾಕ್ಕೆ ಹೋಗಿತ್ತು, ಒಂದು ಸಲ ನಮ್ಮ ಕಲ್ಕತ್ತಾಕ್ಕೂ ಬಂದಿತ್ತು.

ಹಳೇ_ನಾವಿಕ

ಹುಳ ಅವರೇ, ಒಂದು ತಿದ್ದುಪಡಿ. 1693 ಟನ್ ಅಂದರೆ ತೂಕ ಅಲ್ಲ. ಹಡಗಿನ ಒಳಗಿನ ಜಾಗದ ಅಳತೆ. 100 ಘನ ಅಡಿ ಜಾಗಕ್ಕೆ ಒಂದು ಟನ್ ಅಂತ ಲೆಕ್ಕ. ಹಡಗಿನ ತೂಕವೂ ಅಲ್ಲ, ಅದರಲ್ಲಿ ಹಾಕುವ ಸರಕಿನ ತೂಕವೂ ಅಲ್ಲ. ನಾನು 28 ವರ್ಷ ಮರ್ಚೆಂಟ್ ನೇವಿಯಲ್ಲಿ ಇದ್ದೆ. ಇದನ್ನು ನನ್ನ ಹೆಂಡತಿಗೆ ಇನ್ನೂ ಒಪ್ಪಿಸಲಾಗಿಲ್ಲ.

ಪುಸ್ತಕದ_ಹುಳ

ಸರಿ ಸರ್, ತಪ್ಪಾಯಿತು. ತೂಕ ಅಂದಿದ್ದನ್ನು ವಾಪಸ್ ತೆಗೆದುಕೊಂಡೆ.

ಹಾಸನದ_ಹುಡುಗ

ಇಬ್ಬರಿಗೂ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಆಕ್ಸಲ್ ಮಾತಿಗೆ ನಕ್ಕರು. ಆದರೆ ಹೊಸ ಪ್ರಶ್ನೆ ಬಂದಿದೆ. 1873 ಅಂದರೆ ಆಗಲೇ ಉಗಿಹಡಗು ಇತ್ತಲ್ಲವಾ? ಸೂಯೆಜ್ ಕಾಲುವೆಯೂ ತೆರೆದಿತ್ತು. ಡೀಸೆಲ್ ಗಾಡಿ ಬಂದ ಮೇಲೆ ಯಾರಾದರೂ ಹೊಸದಾಗಿ ಎತ್ತಿನಗಾಡಿ ಮಾಡಿಸುತ್ತಾರಾ ಅಂತ ಕೇಳುತ್ತಿದ್ದಾರೆ.

ಹಳೇ_ನಾವಿಕ

ಅಪ್ಪಾಜಿಗೆ ನಮಸ್ಕಾರ ಹೇಳಿ. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರ ಅವರಿಗೇ ಗೊತ್ತಿರುತ್ತದೆ: ಡೀಸೆಲ್ ಖರ್ಚು.

ಸೂಯೆಜ್ ತೆರೆದದ್ದು 1869ರಲ್ಲಿ. ಅದರಿಂದ ಚೀನಾದ ಚಹಾ ಸಾಗಣೆ ನೋಡನೋಡುತ್ತ ಉಗಿಹಡಗುಗಳ ಪಾಲಾಯಿತು. ದಾರಿ ಮೊಟಕಾಯಿತು, ನಡುನಡುವೆ ಕಲ್ಲಿದ್ದಲು ತುಂಬಿಸಿಕೊಳ್ಳಲು ಬಂದರುಗಳಿದ್ದವು. ಹಾಯಿಹಡಗಿಗೆ ಆ ಕಾಲುವೆ ಪ್ರಯೋಜನವಿಲ್ಲ. ಕಾಲುವೆಯಲ್ಲಿ ಎಳೆಸಿಕೊಂಡು ಹೋಗಬೇಕು, ಆಮೇಲೆ ಕೆಂಪು ಸಮುದ್ರದಲ್ಲಿ ಗಾಳಿಯ ಕಾಟ.

ಆಸ್ಟ್ರೇಲಿಯಾ ಲೈನ್ ಬೇರೆ ತರಹ. ಅಷ್ಟು ದೂರಕ್ಕೆ ಆಗಿನ ಉಗಿಹಡಗು ಎಷ್ಟು ಕಲ್ಲಿದ್ದಲು ತಿನ್ನುತ್ತಿತ್ತು ಅಂದರೆ, ಅದನ್ನು ತುಂಬಿಸಿದ ಮೇಲೆ ಸರಕಿಗೆ ಜಾಗ ಕಮ್ಮಿ. ಹಾಯಿಗೆ ಗಾಳಿ ಪುಕ್ಕಟೆ. ಅಟ್ಲಾಂಟಿಕ್‌ನಲ್ಲಿ ಕೆಳಗೆ ಇಳಿದು, ಆಫ್ರಿಕಾದ ತುದಿಗಿಂತ ದಕ್ಷಿಣಕ್ಕೆ ಹೋದರೆ ಅಲ್ಲಿ ವರ್ಷವಿಡೀ ಪಶ್ಚಿಮದಿಂದ ಜೋರು ಗಾಳಿ. ಅದರ ಬೆನ್ನೇರಿ ಪೂರ್ವಕ್ಕೆ ಓಡುವುದು. ಬರುವಾಗಲೂ ಅದೇ ದಿಕ್ಕು. ಪೂರ್ವಕ್ಕೇ ಹೋಗಿ, ದಕ್ಷಿಣ ಅಮೆರಿಕದ ತುದಿ ಕೇಪ್ ಹಾರ್ನ್ ಸುತ್ತಿ ಇಂಗ್ಲೆಂಡಿಗೆ. ಅಂದರೆ ಒಂದು ಟ್ರಿಪ್ ಅಂದರೆ ಭೂಮಿಗೆ ಒಂದು ಪ್ರದಕ್ಷಿಣೆ.

ರಿಟರ್ನ್ ಲೋಡು ಉಣ್ಣೆ. ಈ ಲೈನಿನ ಹಡಗುಗಳು ಬದುಕಿದ್ದೇ ಅದರಿಂದ. ಉಣ್ಣೆ ಹಗುರ, ಆದರೆ ಜಾಗ ತಿನ್ನುತ್ತದೆ. ಅದಕ್ಕೆ ಮೂಟೆಗಳನ್ನು ಜ್ಯಾಕ್ ಹಾಕಿ ಒತ್ತಿ ಒತ್ತಿ ತುಂಬುತ್ತಿದ್ದರು. ನಮ್ಮಲ್ಲಿ ಹತ್ತಿ ಲಾರಿಗೆ ಲೋಡ್ ಮಾಡುವುದನ್ನು ನೋಡಿದ್ದರೆ ಅಂದಾಜು ಸಿಗುತ್ತದೆ. ಲಂಡನ್ನಿನ ಉಣ್ಣೆ ಹರಾಜಿನ ಹೊತ್ತಿಗೆ ಮುಟ್ಟಿಸಿದರೆ ಒಳ್ಳೆ ರೇಟು. ತಡವಾದರೆ ಮುಂದಿನ ಹರಾಜಿನವರೆಗೆ ಕಾಯಬೇಕು.

ತಿಂಡಿಪೋತ_ತುಮಕೂರು

ಮೂರು ತಿಂಗಳು ಏನು ತಿನ್ನುತ್ತಿದ್ದರು?

ಹಳೇ_ನಾವಿಕ

ನೀವು ಹಡಗು ಹತ್ತಬೇಡಿ. ಉಪ್ಪು ಹಾಕಿದ ಮಾಂಸ, ಕಲ್ಲಿನಂಥ ಬಿಸ್ಕತ್ತು, ಒಣ ಬಟಾಣಿ. ಬಿಸ್ಕತ್ತಿನಲ್ಲಿ ಹುಳು ಇದ್ದರೆ ಮೇಜಿಗೆ ಬಡಿದು ಉದುರಿಸಿ ತಿನ್ನುವುದು. ನಾವಿಕರಿಗೆ ನಿಂಬೆರಸ ಕೊಡಲೇಬೇಕು ಅಂತ ಕಾನೂನು ಇತ್ತು, ಇಲ್ಲದಿದ್ದರೆ ಒಸಡು ಊದಿ ರಕ್ತ ಬರುವ ಕಾಯಿಲೆ. ದುಡ್ಡು ಕೊಟ್ಟ ಪ್ರಯಾಣಿಕರಿಗೆ ಪರವಾಗಿಲ್ಲ. ಅವರಿಗಾಗಿ ಡೆಕ್ ಮೇಲೆ ಗೂಡಿನಲ್ಲಿ ಕೋಳಿಗಳಿರುತ್ತಿದ್ದವು. ಆ ಕೋಳಿಗೂಡು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಪುಸ್ತಕದ_ಹುಳ

ಕೊನೆಯ ಟ್ರಿಪ್ ವಿಷಯ.

1878ರ ಮಾರ್ಚ್ ಮೊದಲ ದಿನಗಳಲ್ಲಿ ಥೇಮ್ಸ್ ನದಿಯ ಗ್ರೇವ್ಸೆಂಡ್‌ನಿಂದ ಹೊರಟಿತು. ನಾವಿಕರು 37, ಪ್ರಯಾಣಿಕರು 17. ಕ್ಯಾಪ್ಟನ್ ಗಿಬ್ಸ್‌ಗೆ 29 ವರ್ಷ, ಮದುವೆಯಾಗಿ ಕೆಲವು ವಾರ ಆಗಿತ್ತಷ್ಟೆ.

ಲೋಡು ಏನು ಅಂತ ಓದಿದರೆ ಆಗಿನ ಮೆಲ್ಬರ್ನ್ ಎಷ್ಟು ದುಡ್ಡಿದ್ದ ಊರು ಅಂತ ಗೊತ್ತಾಗುತ್ತದೆ. ಹುಲ್ಲಿನ ಟೋಪಿ, ಕೊಡೆ, ಸೆಂಟು, ಪಿಯಾನೋ, ಗಡಿಯಾರ, ಮಿಠಾಯಿ, ಲಿನನ್ ಬಟ್ಟೆ, ಮೇಣದಬತ್ತಿ, ತಂಬಾಕು ಸೇದುವ ಮಣ್ಣಿನ ಕೊಳವೆ. ಕೆಳಗೆ ಭಾರದ ಸರಕು: ರೈಲು ಕಂಬಿ, ಸಿಮೆಂಟು, ಸೀಸ, ತಾಮ್ರ. ಜೊತೆಗೆ 1880ರಲ್ಲಿ ಮೆಲ್ಬರ್ನ್‌ನಲ್ಲಿ ನಡೆಯಬೇಕಿದ್ದ ಅಂತರರಾಷ್ಟ್ರೀಯ ಪ್ರದರ್ಶನಕ್ಕೆ ಕಳಿಸಿದ ಸಾಮಾನು.

ಪ್ರಯಾಣದಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. 90 ದಿನ ಆಗಿತ್ತು. ಬೆಳಿಗ್ಗೆ ಎದ್ದರೆ ನೆಲ ಕಾಣುತ್ತದೆ ಅಂತ ಮೇ 31ರ ರಾತ್ರಿ ಪ್ರಯಾಣಿಕರು ಸಂಭ್ರಮ ಮಾಡಿದರು. ಬೆಳಗಿನ ಜಾವ 3 ಗಂಟೆಗೆ ಕ್ಯಾಪ್ಟನ್ ಎದ್ದೇ ಇದ್ದಾರೆ. ಕೇಪ್ ಆಟ್ವೇ ದೀಪಸ್ತಂಭದ ಬೆಳಕು ಕಾಣಬೇಕಿತ್ತು. ಮಂಜು, ಏನೂ ಕಾಣುತ್ತಿಲ್ಲ. 4 ಗಂಟೆಗೆ ಮಂಜು ಸರಿಯಿತು. ಮೇಲೆ ಕೂವೆಮರದಲ್ಲಿದ್ದವನು ಅಲೆ ಒಡೆಯುವುದು ಕಾಣುತ್ತಿದೆ ಅಂತ ಕೂಗಿದ. ದೀಪ ಕಾಣಬೇಕಾದ ಕಡೆ ಕಂಡದ್ದು ಬಂಡೆಯ ಗೋಡೆ.

ಕ್ಯಾಪ್ಟನ್ ಕೂಡಲೇ ಆದಷ್ಟು ಹಾಯಿ ಬಿಚ್ಚಿಸಿ ಹಡಗನ್ನು ಕಡಲ ಕಡೆ ತಿರುಗಿಸಲು ನೋಡಿದರು. ಗಾಳಿಗೆ ಮುಖ ಮಾಡಿ ತಿರುಗುವಾಗ ವೇಗ ಸತ್ತುಹೋಯಿತು. ಹಾಯಿ ಜೋತುಬಿತ್ತು, ಮೂತಿ ಹಿಂದಕ್ಕೆ ಬಿತ್ತು. ಲಂಗರು ಹಾಕಿಸಿದರು. ಸುಮಾರು 50 ಫ್ಯಾದಮ್ ಆಳ, ಅಂದರೆ 90 ಮೀಟರ್. ಲಂಗರು ನಿಲ್ಲಲಿಲ್ಲ. ದಡಕ್ಕೆ ಅರ್ಧ ಮೈಲಿ ಇರುವಾಗ ಲಂಗರು ಹಿಡಿದು ಹಡಗಿನ ಮೂತಿ ತಟ್ಟನೆ ಕಡಲ ಕಡೆ ತಿರುಗಿತು. ಅದೇ ಸಮಯ ನೋಡಿ ಹೊರಗೆ ಓಡಿಸಲು ನೋಡಿದರು. ಆಗಲೇ ಮಟನ್‌ಬರ್ಡ್ ದ್ವೀಪದ ಬುಡದ ಕಲ್ಲಿಗೆ ಹಡಗು ಬಡಿಯಿತು. ಕಾಲು ಗಂಟೆಯ ಒಳಗೆ ಮುಳುಗಿತು.

ಗಂಗೊಳ್ಳಿ_ಕಡಲು

ಇಷ್ಟು ದಿನ ಈ ವೇದಿಕೆಯಲ್ಲಿ ಬರೀ ಓದುತ್ತಿದ್ದೆ. ಇದನ್ನು ಓದಿ ಸುಮ್ನಿರಲು ಆಗಲಿಲ್ಲ ಮಾರಾಯ್ರೇ.

90 ಮೀಟರ್ ನೀರಿನಲ್ಲಿ ಲಂಗರು! ನಮ್ಮ ಮನೆಯವರೆಲ್ಲ ಬೋಟಿಗೆ ಹೋಗುವವರು. ಲಂಗರು ಹಿಡಿಯುವುದು ಅದರ ತೂಕದಿಂದ ಅಲ್ಲ. ಹಗ್ಗ ನೆಲದ ಮೇಲೆ ಉದ್ದಕ್ಕೆ ಮಲಗಬೇಕು, ಆಗ ಕೊಕ್ಕೆ ಮಣ್ಣಿಗೆ ಕಚ್ಚುತ್ತದೆ. ಹತ್ತು ಮಾರು ನೀರಿದ್ದರೆ ಮೂವತ್ತು ನಲವತ್ತು ಮಾರು ಹಗ್ಗ ಬಿಡಬೇಕು. ಹಗ್ಗ ನೆಟ್ಟಗೆ ನಿಂತರೆ ಪ್ರತಿ ಅಲೆಗೂ ಬೋಟು ಮೇಲೆದ್ದು ಲಂಗರನ್ನು ಕಿತ್ತು ತರುತ್ತದೆ. ಆ ಆಳಕ್ಕೆ ಬೇಕಾದಷ್ಟು ಸರಪಳಿ ಯಾವ ಹಡಗಿನಲ್ಲಿತ್ತು? ಕ್ಯಾಪ್ಟನ್‌ಗೆ ಇದು ಗೊತ್ತಿಲ್ಲದೆ ಇರುವುದಿಲ್ಲ. ಬೇರೆ ದಾರಿ ಇಲ್ಲದೆ ಹಾಕಿದ್ದಾನೆ.

ಮತ್ತೆ ಆ ಕೊನೆಯ ಹಿಡಿತ ಇದೆಯಲ್ಲ, ಅದೇ ಹೊಟ್ಟೆ ಉರಿಸುವುದು. ದಡದ ಹತ್ತಿರ ಆಳ ಕಮ್ಮಿಯಾಗಿ ಲಂಗರು ಹಿಡಿದಿದೆ. ಅದು ಹಿಡಿಯುವ ಹೊತ್ತಿಗೆ ಹಡಗು ಒಡೆಯುವ ಅಲೆಗಳ ಒಳಗೆ ಬಂದಾಗಿದೆ. ನಮ್ಮಲ್ಲಿ ಅಳಿವೆ ಬಾಗಿಲಲ್ಲಿ ಬೋಟು ಮಗುಚುವುದೂ ಹೀಗೆಯೇ. ನಡುಕಡಲಲ್ಲಿ ಹತ್ತು ದಿನ ಏನೂ ಆಗುವುದಿಲ್ಲ. ಮನೆಯ ಹೆಂಚು ಕಾಣುವ ಜಾಗದಲ್ಲಿ ಆಗುತ್ತದೆ.

ಬೆಂಗಳೂರು_ಬಿಸಿಲು

ಎಲ್ಲರೂ ಕ್ಯಾಪ್ಟನ್ ಪರ ಮಾತಾಡುತ್ತಿದ್ದೀರಿ. ನನಗೆ ಒಪ್ಪಿಗೆ ಇಲ್ಲ. ಎದುರಿಗೆ ಏನೂ ಕಾಣುತ್ತಿಲ್ಲ, ಎಲ್ಲಿದ್ದೇವೆ ಅಂತ ಗೊತ್ತಿಲ್ಲ. ಗಾಡಿ ನಿಲ್ಲಿಸಬೇಕು, ಅಲ್ವಾ? ರಾತ್ರಿ ಪಾರ್ಟಿ ಬೇರೆ ಆಗಿದೆ. 29 ವರ್ಷದ ಹುಡುಗನ ಕೈಯಲ್ಲಿ 54 ಜೀವ.

ಹಳೇ_ನಾವಿಕ

ಪಾರ್ಟಿ ಮಾಡಿದ್ದು ಪ್ರಯಾಣಿಕರು. ಬೆಳಗಿನ ಜಾವ 3 ಗಂಟೆಗೆ ದೀಪ ಹುಡುಕುತ್ತ ನಿಂತಿದ್ದವನು ಕ್ಯಾಪ್ಟನ್. ಅದನ್ನು ಬೆರೆಸಬೇಡಿ.

ಎಲ್ಲಿದ್ದೇವೆ ಅಂತ ತಿಳಿಯುವುದು ಹೇಗೆ ಅಂತ ಸ್ವಲ್ಪ ನೋಡೋಣ. ಉತ್ತರ-ದಕ್ಷಿಣ ಎಷ್ಟು ದೂರ ಅಂತ ಮಧ್ಯಾಹ್ನದ ಸೂರ್ಯನ ಎತ್ತರ ಅಳೆದರೆ ತಿಳಿಯುತ್ತದೆ. ಪೂರ್ವ-ಪಶ್ಚಿಮಕ್ಕೆ ಗಡಿಯಾರ ಬೇಕು. ಕ್ರೋನೋಮೀಟರ್ ಅನ್ನುವ, ಲಂಡನ್ ಸಮಯ ತೋರಿಸುವ ಗಡಿಯಾರ. ಅದು ಒಂದು ನಿಮಿಷ ಹಿಂದೆ ಮುಂದೆ ಆದರೆ ಆ ಅಕ್ಷಾಂಶದಲ್ಲಿ ನಿಮ್ಮ ಲೆಕ್ಕ ಸುಮಾರು 22 ಕಿ.ಮೀ. ತಪ್ಪುತ್ತದೆ. ಇಂಗ್ಲೆಂಡ್ ಬಿಟ್ಟ ಮೇಲೆ 90 ದಿನ. ದಿನಕ್ಕೆ ಅರ್ಧ ಸೆಕೆಂಡ್ ಲೆಕ್ಕಕ್ಕೆ ಸಿಗದೆ ತಪ್ಪಿದರೂ 45 ಸೆಕೆಂಡ್. ಕೈಗಡಿಯಾರದಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ. ಅಲ್ಲಿ ಅದು 16 ಕಿ.ಮೀ. ಮೋಡ ಕವಿದರೆ ಸೂರ್ಯನೂ ಇಲ್ಲ. ಕಬ್ಬಿಣದ ಹಡಗಿನಲ್ಲಿ ದಿಕ್ಸೂಚಿಯ ಮುಳ್ಳು ಹಡಗಿನ ಕಬ್ಬಿಣಕ್ಕೇ ವಾಲುತ್ತದೆ. ಅದನ್ನು ಸರಿಪಡಿಸುವ ಉಪಾಯ ಇತ್ತು, ಪೂರ್ತಿ ನಂಬುವಂತಿರಲಿಲ್ಲ.

ಇನ್ನು ಜಾಗ. ಮ್ಯಾಪ್ ತೆಗೆದು ನೋಡಿ. ಪೋರ್ಟ್ ಕ್ಯಾಂಪ್‌ಬೆಲ್‌ನಿಂದ ಕೇಪ್ ಆಟ್ವೇವರೆಗೆ ಕರಾವಳಿ ನೇರ ಪೂರ್ವಕ್ಕೆ ಹೋಗುವುದಿಲ್ಲ, ಆಗ್ನೇಯಕ್ಕೆ ಇಳಿಯುತ್ತದೆ. ನೀವು ಕಣ್ಣು ಮುಚ್ಚಿ ಪೂರ್ವಕ್ಕೆ ಹೋಗುತ್ತಿದ್ದರೆ ನೆಲ ತಾನಾಗಿಯೇ ನಿಮ್ಮ ಹತ್ತಿರ ಬರುತ್ತದೆ. ಹಾಗಾದರೆ ದಕ್ಷಿಣಕ್ಕೆ ಸರಿದು ಹೋಗಬಹುದಲ್ಲ? ಅಲ್ಲಿ ಕಿಂಗ್ ದ್ವೀಪ. 1845ರಲ್ಲಿ ಕಟಾರಕ್ವಿ ಅನ್ನುವ ವಲಸಿಗರ ಹಡಗು ಆ ದ್ವೀಪಕ್ಕೆ ಬಡಿದು ಸುಮಾರು 400 ಜನ ಸತ್ತರು. ಕೇಪ್ ಆಟ್ವೇಯಲ್ಲಿ 1848ರಲ್ಲಿ ದೀಪ ಹಚ್ಚಿದ್ದೇ ಇಂಥ ಸಾವುಗಳಿಂದಾಗಿ. ಎರಡರ ನಡುವೆ ಸುಮಾರು 90 ಕಿ.ಮೀ. ಸಂದು. ಸೂಜಿಗೆ ದಾರ ಪೋಣಿಸುವ ಕೆಲಸ ಅದು, ಅದೂ ಮೂರು ತಿಂಗಳಿಂದ ಸೂಜಿಯನ್ನೇ ನೋಡದೆ.

ಬೆಂಗಳೂರು_ಬಿಸಿಲು

ಇದೆಲ್ಲ ಸರಿ ಸರ್. ಆದರೂ ನಿಲ್ಲಿಸಬಹುದಿತ್ತಲ್ಲ ಅನ್ನುವ ಪ್ರಶ್ನೆಗೆ ಉತ್ತರ ಬರಲಿಲ್ಲ.

ಹಳೇ_ನಾವಿಕ

ಬರುತ್ತಿದ್ದೆ, ಮೊಮ್ಮಗಳು ಫೋನ್ ಕಿತ್ತುಕೊಂಡಳು.

ಹಾಯಿಹಡಗಿಗೆ ಬ್ರೇಕ್ ಇಲ್ಲ. ಒಂದು ಹಾಯಿ ಮುಂದಕ್ಕೆ, ಒಂದು ಹಿಂದಕ್ಕೆ ತಳ್ಳುವ ಹಾಗೆ ಕಟ್ಟಿ ಹೆಚ್ಚೂ ಕಮ್ಮಿ ನಿಲ್ಲಿಸಬಹುದು. ಆದರೆ ನಿಂತ ಹಡಗು ಗಾಳಿ, ಅಲೆ ತಳ್ಳಿದ ಕಡೆ ಜಾರುತ್ತದೆ. ಅಲ್ಲಿನ ಅಲೆ ತಳ್ಳುವುದು ದಡಕ್ಕೆ. ನಿಂತರೆ ನಿಧಾನವಾಗಿ ಅಲ್ಲಿಗೇ ಹೋಗುತ್ತೀರಿ.

ನಿಮ್ಮ ಮಾತಿನಲ್ಲೂ ನ್ಯಾಯ ಇದೆ ಅಂತ ಒಪ್ಪುತ್ತೇನೆ. ನಾನಾಗಿದ್ದರೆ ಹಿಂದಿನ ಸಂಜೆಯೇ, ಇನ್ನೂ ದೂರ ಇರುವಾಗಲೇ, ಮುಖ ಕಡಲ ಕಡೆ ಮಾಡಿ ಬೆಳಕಾಗುವವರೆಗೆ ಅತ್ತಿತ್ತ ಓಡಾಡಿಕೊಂಡು ಇರುತ್ತಿದ್ದೆ. ಆದರೆ ನಾನು ರೇಡಾರ್ ನೋಡಿಕೊಂಡು ಕೆಲಸ ಮಾಡಿದವನು. ಕುರ್ಚಿಯಲ್ಲಿ ಕೂತು ಹೇಳುವುದು ಸುಲಭ. ಒಂದು ರಾತ್ರಿ ಕಳೆದರೆ ಕಂಪನಿಯ ಒಂದು ದಿನ ಹೋಯಿತು, ಅದನ್ನು ಗ್ಲಾಸ್ಗೋದಲ್ಲಿ ಯಾರೋ ಲೆಕ್ಕ ಹಾಕುತ್ತಾರೆ.

ಹಾಸನದ_ಹುಡುಗ

ಕೊನೆಯ ಸಾಲಿಗೆ ಅಪ್ಪ "ಹ್ಞೂಂ" ಅಂದರು. ಅಷ್ಟೇ. ಆಮೇಲೆ ಎದ್ದು ಕಾಫಿಗೆ ಹೋದರು.

ಸುಮ್ನೆ_ಕೇಳ್ದೆ

ಕೋಳಿಗೂಡು ಎಲ್ಲಿ? ಬರುತ್ತದೆ ಅಂದಿದ್ದಿರಿ.

ಪುಸ್ತಕದ_ಹುಳ

ಅದನ್ನು ನಾನು ಹೇಳುತ್ತೇನೆ.

ಹಡಗು ಬಡಿದ ಕೂಡಲೇ ಕೂವೆಮರ, ಹಗ್ಗ ಎಲ್ಲ ಡೆಕ್ ಮೇಲೆ ಕುಸಿದು ಬಿತ್ತು. ಬೀಳುವ ತೊಲೆಗಳಿಗೆ ಹೆದರಿ ಕೆಳಗೆ ಇಳಿದವರು ಅಲ್ಲೇ ಮುಳುಗಿದರು. ಟಾಮ್ ಪಿಯರ್ಸ್ ಆಗ ಕೆಲಸ ಕಲಿಯುತ್ತಿದ್ದ ಹುಡುಗ. ನಿಮ್ಮ ತಂದೆಯವರ ಲೆಕ್ಕದಲ್ಲಿ ಕ್ಲೀನರ್. ಜೀವರಕ್ಷಕ ದೋಣಿ ಇಳಿಸಿದ, ಅದು ಹಡಗಿಗೇ ಬಡಿದು ಮಗುಚಿತು. ಮಗುಚಿದ ದೋಣಿಯ ಅಡಿಯಲ್ಲಿ ಹಿಡಿದುಕೊಂಡು ಹೊರಗೆ ತೇಲಿಹೋದ. ಉಬ್ಬರ ಬಂದಾಗ ಅದೇ ನೀರು ಅವನನ್ನು ಕಮರಿಯ ಒಳಗೆ ತಂದು ಹಾಕಿತು.

ಈವಾ ಐರ್ಲೆಂಡಿನ ವೈದ್ಯರ ಮಗಳು. ಅಪ್ಪ, ಅಮ್ಮ, ತಮ್ಮಂದಿರು, ಅಕ್ಕತಂಗಿಯರ ಜೊತೆ ಹೊರಟವಳು. ಅವಳನ್ನು ಅಲೆ ಎಳೆದುಕೊಂಡು ಹೋಯಿತು. ಮೊದಲು ಸಿಕ್ಕಿದ್ದು ಆ ಕೋಳಿಗೂಡು, ಆಮೇಲೆ ಒಂದು ತೊಲೆ. ಗಂಟೆಗಟ್ಟಲೆ ಜೂನ್ ತಿಂಗಳ ನೀರಿನಲ್ಲಿ. ಅಲ್ಲಿ ಜೂನ್ ಅಂದರೆ ಚಳಿಗಾಲ. ದಡದಲ್ಲಿ ಟಾಮ್ ಕಂಡ, ಕೂಗಿದಳು. ಅವನು ಮತ್ತೆ ನೀರಿಗೆ ಇಳಿದು ಎಳೆದು ತಂದ. ತೇಲಿಬಂದಿದ್ದ ಬ್ರಾಂದಿ ಪೆಟ್ಟಿಗೆ ಒಡೆದು ಅವಳಿಗೆ ಕುಡಿಸಿ, ಗುಹೆಯಲ್ಲಿ ಮಲಗಿಸಿ, ಬಂಡೆ ಹತ್ತಿ ಹೊರಟ. ಮೇಲೆ ಕುದುರೆ ಗೊರಸಿನ ಗುರುತು ಕಂಡವು. ಅದರ ಹಿಂದೆ ಹೋದಾಗ ಹತ್ತಿರದ ಗ್ಲೆನಾಂಪಲ್ ಎಸ್ಟೇಟಿನ ಇಬ್ಬರು ಸಿಕ್ಕಿದರು.

ಸಿಕ್ಕಿದ ಶವ ನಾಲ್ಕೇ. ಅದರಲ್ಲಿ ಎರಡು ಈವಾಳ ಅಮ್ಮ ಮತ್ತು ಸಹೋದರಿಯದು. ಬಂಡೆಯ ಮೇಲೆ ಮಣ್ಣು ಮಾಡಿದ್ದಾರೆ. ಪ್ರವಾಸಿಗರಲ್ಲಿ ಹೆಚ್ಚಿನವರು ಕೆಳಗಿನ ದಂಡೆ ನೋಡಿ ಹೊರಟುಬಿಡುತ್ತಾರೆ.

ಹಾಸನದ_ಹುಡುಗ

ನಾವೂ ಹಾಗೇ ಹೊರಟೆವು. ಕತ್ತಲಾಗುತ್ತಿತ್ತು. ಸಮಾಧಿ ಇದೆ ಅಂತಲೇ ಗೊತ್ತಿರಲಿಲ್ಲ.

ಮಣ್ಣು_ಮತ್ತು_ಬೆಂಕಿ

ನವಿಲಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನಾನು ಸೆರಾಮಿಕ್ಸ್ ಕೆಲಸ ಮಾಡುವವಳು. ನನಗೆ ಲಾಕ್ ಆರ್ಡ್ ಹೆಸರು ಗೊತ್ತಾದದ್ದೇ ನವಿಲಿನಿಂದ.

ಇಂಗ್ಲೆಂಡಿನ ಮಿಂಟನ್ ಕಾರ್ಖಾನೆಯಲ್ಲಿ ಪಾಲ್ ಕೊಮೊಲೆರಾ ಅನ್ನುವ ಫ್ರೆಂಚ್ ಶಿಲ್ಪಿ ಮಾಡಿದ ಮಣ್ಣಿನ ನವಿಲು. ಸುಮಾರು ಒಂದೂವರೆ ಮೀಟರ್ ಎತ್ತರ. ಅಂದರೆ ನಿಜವಾದ ನವಿಲಿನಷ್ಟೇ. ಮೇಲೆ ಹೊಳೆಯುವ ಬಣ್ಣದ ಗಾಜು ಲೇಪ. ಇದನ್ನು ಪ್ರದರ್ಶನಕ್ಕೆ ಅಂತ ಪೆಟ್ಟಿಗೆಯಲ್ಲಿ ಕಳಿಸಿದ್ದರು. ಕಬ್ಬಿಣದ ಹಡಗು ಚೂರಾಯಿತು, ಪೆಟ್ಟಿಗೆ ತೇಲಿ ದಂಡೆಗೆ ಬಂತು. ನವಿಲಿನ ಕೊಕ್ಕಿನ ತುದಿ ಚೂರು ಹಾರಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ನಾನು ಒಂದು ಹೂಜಿಯನ್ನು ಬೆಂಗಳೂರಿನಿಂದ ಮೈಸೂರಿಗೆ ಕೊರಿಯರ್ ಮಾಡಿದ್ದೆ. ಹೋಗಿ ಮುಟ್ಟಿದ್ದು ಹದಿಮೂರು ತುಂಡು. ಆ ಪೆಟ್ಟಿಗೆ ಪ್ಯಾಕ್ ಮಾಡಿದ ಪುಣ್ಯಾತ್ಮನ ಕಾಲಿಗೆ ನಮಸ್ಕಾರ. ನವಿಲು ಈಗ ವಾರ್ನಂಬೂಲ್ ಊರಿನ ಫ್ಲ್ಯಾಗ್‌ಸ್ಟಾಫ್ ಹಿಲ್ ಮ್ಯೂಸಿಯಮ್ಮಿನಲ್ಲಿದೆ.

ತಿಂಡಿಪೋತ_ತುಮಕೂರು

ಮಿಠಾಯಿ ಏನಾಯಿತು?

ಪುಸ್ತಕದ_ಹುಳ

ಮಿಠಾಯಿ ಕರಗಿತು ಸ್ವಾಮಿ. ಉಳಿದ ಸರಕಿನ ಕಥೆಯೂ ಹೆಚ್ಚೂ ಕಮ್ಮಿ ಅದೇ.

ಹಡಗು ಮುಳುಗಿ ಹತ್ತು ದಿನಕ್ಕೆ, ಒಡೆದ ಹಡಗಿನ ಸಾಮಾನು ಎತ್ತುವ ಹಕ್ಕನ್ನು ಹರಾಜು ಹಾಕಿದರು. 2,120 ಪೌಂಡಿಗೆ ಹೋಯಿತು. ಕೊಂಡವರು ಸುಮಾರು 3,000 ಪೌಂಡ್ ಬೆಲೆಯ ಸಾಮಾನು ಮೇಲೆತ್ತಿ ದಂಡೆಯಲ್ಲಿ ಜೋಡಿಸಿಟ್ಟರು. ಇನ್ನೊಂದು ಬಿರುಗಾಳಿ ಬಂದು ಅದರಲ್ಲಿ ಹೆಚ್ಚಿನದನ್ನು ವಾಪಸ್ ಕಡಲಿಗೆ ಎಳೆದುಕೊಂಡು ಹೋಯಿತು.

1967ರಲ್ಲಿ ಮುಳುಗುಗಾರರು ಹಡಗು ಬಿದ್ದ ಜಾಗ ಕಂಡುಹಿಡಿದರು. ಸುದ್ದಿ ಹರಡಿತು. ಆಮೇಲೆ ಬೇಕಾದವರು ಬೇಕಾದ್ದನ್ನು ಹೊತ್ತುಕೊಂಡು ಹೋದರು. 1982ರಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಸಿಕ್ಕಿತು. ಈಗ ಆ ದ್ವೀಪದ ಬುಡದಲ್ಲಿ, 10ರಿಂದ 25 ಮೀಟರ್ ಆಳದಲ್ಲಿ ಬಿದ್ದಿದೆ.

ಗಂಗೊಳ್ಳಿ_ಕಡಲು

ಒಂದು ಮಾತು. ಹತ್ತು ದಿನಕ್ಕೆ ಹರಾಜು. ಅಷ್ಟು ಜನರ ಶವ ಇನ್ನೂ ನೀರಿನಲ್ಲೇ ಇದೆ. ನಮ್ಮ ಕಡೆ ಶವ ಸಿಗದಿದ್ದರೆ ಆ ಜಾಗಕ್ಕೆ ತಿಂಗಳುಗಟ್ಟಲೆ ಬಲೆ ಹಾಕಲು ಮನಸ್ಸು ಬರುವುದಿಲ್ಲ. ಇರಲಿ, ಅವರ ಕಾಲ, ಅವರ ವ್ಯಾಪಾರ.

ಬೆಂಗಳೂರು_ಬಿಸಿಲು

ಮೊನ್ನೆ ನಾನು ಬರೆದದ್ದು ಸ್ವಲ್ಪ ಜಾಸ್ತಿ ಆಯಿತು ಅನ್ನಿಸಿತು. ಕ್ಯಾಪ್ಟನ್ ಈವಾಗೆ ಏನೋ ಹೇಳಿದ ಅಂತ ಎಲ್ಲೋ ಓದಿದೆ. ನಿಜವಾ?

ಪುಸ್ತಕದ_ಹುಳ

ಈವಾ ಹೇಳಿದ ಪ್ರಕಾರ ನಿಜ. ನೀನು ಬದುಕಿದರೆ, ನಾನು ನಾವಿಕನ ಹಾಗೆ ಸತ್ತೆ ಅಂತ ನನ್ನ ಹೆಂಡತಿಗೆ ತಿಳಿಸು ಅಂದರಂತೆ. ಕ್ಯಾಪ್ಟನ್‌ರನ್ನು ಅವಳು ನೋಡಿದ್ದು ಅದೇ ಕೊನೆ.

ಹಾಸನದ_ಹುಡುಗ

ನಿನ್ನೆ ಅಪ್ಪನನ್ನು ಕರೆದುಕೊಂಡು ಮತ್ತೆ ಹೋಗಿ ಬಂದೆ. ಅಮ್ಮ ಬರಲಿಲ್ಲ, ಅಷ್ಟು ದೂರ ಮತ್ತೆ ಕೂರಲು ಆಗುವುದಿಲ್ಲ ಅಂದರು. ಈ ಸಲ ಮೊದಲು ಮೇಲಿನ ಸಮಾಧಿ ನೋಡಿದೆವು. ಆಮೇಲೆ ಮಟನ್‌ಬರ್ಡ್ ದ್ವೀಪ ಕಾಣುವ ಜಾಗಕ್ಕೆ ಹೋದೆವು. ದ್ವೀಪಕ್ಕೂ ದಡಕ್ಕೂ ಎಷ್ಟು ಹತ್ತಿರ ಗೊತ್ತಾ? ಅಪ್ಪ ತುಂಬಾ ಹೊತ್ತು ಅಲ್ಲಿ ನಿಂತು, ಗಾಡಿ ಎಲ್ಲಿಂದ ಬಂತು, ಎಲ್ಲಿ ಕಟ್ ಹೊಡೆದ, ಎಲ್ಲಿ ತಗುಲಿತು ಅಂತ ಕೈಯಲ್ಲೇ ಗೆರೆ ಎಳೆದು ನೋಡಿದರು. "ಇನ್ನು ಎರಡು ಗಾಡಿ ಉದ್ದ ಸಿಕ್ಕಿದ್ದರೆ ತಪ್ಪಿಸಿಬಿಡ್ತಿದ್ದ" ಅಂದರು.

ಕಮರಿಯಿಂದ ಕಾಣುವ ಎರಡು ಕಲ್ಲುಗಂಬಗಳಿಗೆ ಈಗ ಟಾಮ್, ಈವಾ ಅಂತ ಹೆಸರು. ಮೊದಲು ಎರಡೂ ಸೇರಿ ಒಂದೇ ಕಮಾನು ಆಗಿತ್ತಂತೆ, 2009ರಲ್ಲಿ ನಡುವಿನ ಭಾಗ ಕುಸಿದು ಬೇರೆ ಬೇರೆ ಆಯಿತು. ಮದುವೆ ಮಾಡಿಸಲು ಆಗದಿದ್ದವರು ಕಲ್ಲಿಗಾದರೂ ಹೆಸರಿಟ್ಟರು.

ವಾಪಸ್ ಬರುವಾಗ ಕಾರಿನಲ್ಲಿ ಅಪ್ಪ ಕೊನೆಯ ಪ್ರಶ್ನೆ ಕೇಳಿದರು. "ಆ ಕ್ಲೀನರ್ ಹುಡುಗ ಆಮೇಲೆ ಏನು ಮಾಡಿದ? ಮತ್ತೆ ಗಾಡಿ ಹತ್ತಿದನಾ?"

ಪುಸ್ತಕದ_ಹುಳ

ಹತ್ತಿದ. ಮೆಲ್ಬರ್ನ್‌ನಲ್ಲಿ ಅವನಿಗೆ ಚಿನ್ನದ ಪದಕ ಕೊಟ್ಟರು, ಸನ್ಮಾನ ಮಾಡಿದರು. ಈವಾ ಕೆಲವು ವಾರ ಆ ಎಸ್ಟೇಟಿನಲ್ಲಿ ಸುಧಾರಿಸಿಕೊಂಡು, ಉಗಿಹಡಗಿನಲ್ಲಿ ಐರ್ಲೆಂಡಿಗೆ ವಾಪಸ್ ಹೋದಳು. ಟಾಮ್ ಅದೇ ಲಾಕ್ ಲೈನ್ ಕಂಪನಿಯ ಇನ್ನೊಂದು ಹಡಗು ಲಾಕ್ ಸುನಾರ್ಟ್ ಹತ್ತಿದ. 1879ರ ಜನವರಿಯಲ್ಲಿ ಅದೂ ಐರ್ಲೆಂಡಿನ ಕರಾವಳಿಯಲ್ಲಿ ಕಲ್ಲಿಗೆ ಬಡಿದು ಒಡೆಯಿತು. ಆಗಲೂ ಬದುಕಿದ. ಆಮೇಲೆ ಉಗಿಹಡಗುಗಳಿಗೆ ಹೋಗಿ ಕ್ಯಾಪ್ಟನ್ ಆದ. 1908ರಲ್ಲಿ ತೀರಿಕೊಂಡ, ಐವತ್ತರ ಆಸುಪಾಸು.

ಅವನ ಮಗನೂ ಹಾಯಿಹಡಗಿನಲ್ಲೇ ಕೆಲಸ ಕಲಿಯಲು ಸೇರಿದ. ಹೆಸರು ಟಾಮ್ ಅಂತಲೇ, ಕಂಪನಿಯೂ ಅದೇ, ಹಡಗು ಲಾಕ್ ವೆನ್ನಾಚರ್. 1905ರಲ್ಲಿ ಅದು ದಕ್ಷಿಣ ಆಸ್ಟ್ರೇಲಿಯಾದ ಕ್ಯಾಂಗರೂ ದ್ವೀಪದ ಹತ್ತಿರ ಮುಳುಗಿತು. ಒಬ್ಬರೂ ಉಳಿಯಲಿಲ್ಲ.

ಹಾಸನದ_ಹುಡುಗ

ಇದನ್ನು ಅಪ್ಪನಿಗೆ ಇನ್ನೂ ಓದಿ ಹೇಳಿಲ್ಲ. ನನ್ನನ್ನು ಲಾರಿ ಹತ್ತಿಸಬಾರದು ಅಂತಲೇ ಓದಿಸಿದವರು ಅವರು. ನಾಳೆ ಬೆಳಿಗ್ಗೆ ಕಾಫಿ ಆದ ಮೇಲೆ ಹೇಳುತ್ತೇನೆ.